ಏಳು ಜನ, ಮಣ್ಣಿನ ಏರು, ತಿಂಗಳಿಗೊಂದು ಘಟ್ಟ: ಎಂಪಿವಿ ತಗೊಳ್ಳುವುದಾ, ದೊಡ್ಡ ಎಸ್‌ಯುವಿಯಾ?

ಹಿರಿಯಡ್ಕ_7ಸೀಟ್
ಉಡುಪಿ, ಮಂಗಳೂರು ಕಡೆಯವರ ಸಲಹೆ ಬೇಕು. ದೊಡ್ಡವರು ನಾಲ್ಕು, ಎಪ್ಪತ್ತು ದಾಟಿದವರು ಇಬ್ಬರು, ಎರಡು ವರ್ಷದ ಮಗು ಒಂದು. ತಿಂಗಳಿಗೊಮ್ಮೆ ಶೃಂಗೇರಿಯೋ ಹೊರನಾಡೋ ಧರ್ಮಸ್ಥಳವೋ ಉಂಟು. ವರ್ಷಕ್ಕೆ ನಾಲ್ಕೈದು ಸಲ ಬೆಂಗಳೂರು, ಒಂದು ಸಲ ತಿರುಪತಿ. ಡಾಂಬರು ರಸ್ತೆಯಿಂದ ಮನೆಗೆ 200 ಮೀಟರ್ ಮಣ್ಣಿನ ಏರು. ಆನ್‌ರೋಡ್ 35 ಲಕ್ಷದೊಳಗೆ ಮುಗಿಯಬೇಕು. ಪಟ್ಟಿಯಲ್ಲಿ ಇರುವುದು ಎಂಪಿವಿ, ಅಂದರೆ ಒಳಗೆ ಜಾಗ ಹೆಚ್ಚಿರುವ ವ್ಯಾನಿನಂಥ ಗಾಡಿಗಳಲ್ಲಿ ಇನೋವಾ ಕ್ರಿಸ್ಟಾ, ಇನೋವಾ ಹೈಕ್ರಾಸ್, ಕ್ಯಾರೆನ್ಸ್; ಎಸ್‌ಯುವಿ, ಅಂದರೆ ಎತ್ತರದ ದೊಡ್ಡ ಟಯರಿನ ಗಾಡಿಗಳಲ್ಲಿ ಸಫಾರಿ, ಎಕ್ಸ್‌ಯುವಿ700, ಸ್ಕಾರ್ಪಿಯೊ-ಎನ್. ಮಳೆಗಾಲ ನೆನೆಸಿಕೊಂಡರೆ ಎಸ್‌ಯುವಿ ಅನಿಸುತ್ತದೆ, ಹಿರಿಯರನ್ನು ನೆನೆಸಿಕೊಂಡರೆ ಇನೋವಾ. ಯಾವ ಲೆಕ್ಕದಿಂದ ಹೊರಡಬೇಕು?

ಕದ್ರಿ_ಗುಡ್ಡೆ
ಮೂರನೇ ಸಾಲಿನಿಂದ ಹೊರಡಿ. ಏಳು ಜನ ಎಂದಮೇಲೆ ಪ್ರತಿ ಸಲವೂ ಕನಿಷ್ಠ ಇಬ್ಬರು ಹಿಂದೆ ಕೂರಲೇಬೇಕು. ಶೋರೂಮಿಗೆ ಟೇಪ್ ತಗೊಂಡು ಹೋಗಿ, ಮೂರನೇ ಸಾಲಿನ ಫ್ಲೋರಿನಿಂದ ಕುಶನ್ನಿನ ಮುಂದಿನ ಅಂಚಿನವರೆಗೆ ಅಳೆಯಿರಿ. 30 ಸೆಂ.ಮೀ. ಸಿಗದಿದ್ದರೆ ಮೊಣಕಾಲು ಎದೆಯ ಹತ್ತಿರ ಬರುತ್ತದೆ, ತೊಡೆಗೆ ಆಸರೆ ಇರುವುದಿಲ್ಲ, ಭಾರವೆಲ್ಲ ಸೊಂಟದ ಮೇಲೆ. ಕಾರ್ಕಳ ಮುಟ್ಟುವ ಹೊತ್ತಿಗೆ ಕಾಲು ಜೋಮು ಹಿಡಿದಿರುತ್ತದೆ.

ಉದ್ದದಲ್ಲಿ ಈ ಗಾಡಿಗಳಿಗೆ ದೊಡ್ಡ ವ್ಯತ್ಯಾಸ ಇಲ್ಲ. ಹೈಕ್ರಾಸ್ 4755 ಮಿ.ಮೀ., ಎಕ್ಸ್‌ಯುವಿ700 4695, ಸಫಾರಿ 4668, ಸ್ಕಾರ್ಪಿಯೊ-ಎನ್ 4662. ಆ ಉದ್ದವನ್ನು ಹಂಚಿದ ರೀತಿ ಬೇರೆ. ಎಸ್‌ಯುವಿಯಲ್ಲಿ ಬಾನೆಟ್ಟಿಗೆ ಹೆಚ್ಚು ಹೋಗುತ್ತದೆ, ಹಿಂದಿನ ಫ್ಲೋರ್ ಮೇಲೆ ಏರುತ್ತದೆ, ಮೂರನೇ ಸಾಲಿಗೆ ಉಳಿದದ್ದು ಸಿಗುತ್ತದೆ. ಹೈಕ್ರಾಸ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2850, ಸಫಾರಿಯದ್ದು 2741. ಆ 11 ಸೆಂ.ಮೀ. ಒಳಗಿನ ಜಾಗಕ್ಕೆ ಅನುಕೂಲ.

ಆಮೇಲೆ ಡಿಕ್ಕಿ. ಮೂರನೇ ಸಾಲು ಎತ್ತಿದ ಮೇಲೆ ಹೈಕ್ರಾಸ್‌ಗೆ 300 ಲೀಟರ್, ಕ್ಯಾರೆನ್ಸ್‌ಗೆ 216, ಎರ್ಟಿಗಾಗೆ 209. ಲೀಟರ್ ಲೆಕ್ಕ ಕಣ್ಣಿಗೆ ಕಾಣುವುದಿಲ್ಲ, ಸೂಟ್‌ಕೇಸಿಗೆ ಇಳಿಸಿ ನೋಡಿ. 55×35×25 ಸೆಂ.ಮೀ. ಸಣ್ಣ ಟ್ರಾಲಿ 48 ಲೀಟರ್, 65×45×28 ಮಧ್ಯಮದ್ದು 82 ಲೀಟರ್. 300 ಲೀಟರಿನಲ್ಲಿ ಎರಡು ಮಧ್ಯಮ, ಎರಡು ಸಣ್ಣದು ಕಾಗದದ ಮೇಲೆ ಹಿಡಿಯುತ್ತವೆ. ಡಿಕ್ಕಿಯ ಬಾಗಿಲು ಓರೆ ಇರುವುದರಿಂದ ನಿಜದಲ್ಲಿ ಒಂದು ಸಣ್ಣದು ಹೊರಗೆ ಉಳಿಯುತ್ತದೆ. ಸ್ಕಾರ್ಪಿಯೊ-ಎನ್‌ನಲ್ಲಿ ಮೂರನೇ ಸಾಲು ಒಂದೇ ತುಂಡು, ಅರ್ಧ ಮಡಚಿ ಅರ್ಧದಲ್ಲಿ ಒಬ್ಬರನ್ನು ಕೂರಿಸಲು ಆಗುವುದಿಲ್ಲ. ಏಳು ಜನರ ತಿರುಪತಿಗೆ ಅದು ಆಗಲಿಕ್ಕಿಲ್ಲ.

ಬೆಳ್ತಂಗಡಿ_ಫೋರ್‌ವೀಲ್
ಸೀಟಿನ ಮಾತು ಒಪ್ಪಿದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ರಸ್ತೆ ಹೇಗಿರುತ್ತದೆ ಅಂತ ನೋಡಬೇಕಲ್ಲ ಮಾರಾಯ್ರೇ. ಗುಂಡಿಯಲ್ಲಿ ನೀರು ತುಂಬಿದರೆ ಆಳ ಗೊತ್ತಾಗುವುದಿಲ್ಲ. ಮೋರಿ ಪಕ್ಕದ ಮಣ್ಣು ಕುಸಿದಿರುತ್ತದೆ. ದೊಡ್ಡ ಟಯರ್, ಎತ್ತರದ ಬಂಪರ್ ಇದ್ದರೆ ರಿಮ್ ಬೆಂಡ್ ಆಗುವುದು, ಬಂಪರಿನ ಅಡಿಯ ಪ್ಲಾಸ್ಟಿಕ್ ಕಿತ್ತು ಬರುವುದು ಕಡಿಮೆ. ಗುಡ್ಡೆಯ ಮೇಲಿನ ಮನೆಯವರಿಗೆ ಸ್ಕಾರ್ಪಿಯೊ-ಎನ್ ಫೋರ್‌ವೀಲ್ ಡ್ರೈವ್ ನಿಜವಾದ ಉಪಕಾರಿ. ಅಪಘಾತ ಪರೀಕ್ಷೆ ನೋಡುವುದಾದರೆ ಭಾರತ್ ಎನ್‌ಕ್ಯಾಪ್‌ನಲ್ಲಿ ಮೊತ್ತಮೊದಲು, 2023ರ ಡಿಸೆಂಬರ್‌ನಲ್ಲಿ, 5 ಸ್ಟಾರ್ ಪಡೆದ ಗಾಡಿಗಳಲ್ಲಿ ಸಫಾರಿ ಉಂಟು.

ಮೂಡುಬಿದಿರೆ_ಗ್ಯಾರೇಜ್
ಎಸ್‌ಯುವಿ ಎಂದ ಕೂಡಲೇ ಏರು ಹತ್ತುತ್ತದೆ ಎಂದು ತಿಳಿಯಬೇಡಿ. ಯಾವ ಚಕ್ರ ತಿರುಗುತ್ತದೆ ಕೇಳಿ. ಸಫಾರಿ ಮುಂದಿನ ಚಕ್ರದ ಡ್ರೈವ್. ಎಕ್ಸ್‌ಯುವಿ700ರಲ್ಲೂ ಹೆಚ್ಚಿನ ಮಾಡೆಲ್‌ಗಳು ಹಾಗೆಯೇ. ಹೈಕ್ರಾಸ್, ಕ್ಯಾರೆನ್ಸ್ ಕೂಡ ಮುಂದಿನದೇ. ಕ್ರಿಸ್ಟಾ ಹಿಂದಿನ ಚಕ್ರ. ಸ್ಕಾರ್ಪಿಯೊ-ಎನ್ ಹಿಂದಿನ ಚಕ್ರ ಇಲ್ಲವೇ ನಾಲ್ಕೂ.

ಏಳು ಜನ, ಡಿಕ್ಕಿ ತುಂಬ ಸಾಮಾನು ಇಟ್ಟು ಏರು ಹತ್ತುವಾಗ ಭಾರ ಹಿಂದಕ್ಕೆ ಜಾರುತ್ತದೆ, ಮುಂದಿನ ಚಕ್ರ ಹಗುರವಾಗುತ್ತದೆ. ಪಾಚಿ ಹಿಡಿದ ಕಾಂಕ್ರೀಟೋ ಜಾರುವ ಕೆಂಪು ಮಣ್ಣೋ ಆದರೆ ಮುಂದಿನ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ. ಅದೇ ಏರಿನಲ್ಲಿ ತುಂಬಿದ ಕ್ರಿಸ್ಟಾ ಕಚ್ಚಿ ಹತ್ತುತ್ತದೆ, ಯಾಕೆಂದರೆ ಭಾರ ಡ್ರೈವ್ ಚಕ್ರದ ಮೇಲೆಯೇ ಕೂತಿರುತ್ತದೆ. ಆದರೆ ಒಬ್ಬರೇ ಇರುವಾಗ ಕ್ರಿಸ್ಟಾದ ಹಿಂದಿನ ಭಾಗ ಹಗುರ, ಒದ್ದೆ ಮಣ್ಣಿನಲ್ಲಿ ಬಾಲ ಅಲ್ಲಾಡಿಸುತ್ತದೆ. ಹಾಗಾಗಿ ನಿಮ್ಮ ದಾರಿಯ ಅಳತೆ ಬೇಕು. 1 ಮೀಟರ್ ಉದ್ದದ ನೇರ ರೀಪು ಮತ್ತು ಮೇಸ್ತ್ರಿಯ ಮಟ್ಟಗೋಲು ತಗೊಳ್ಳಿ. ರೀಪಿನ ಒಂದು ತುದಿಯನ್ನು ಏರಿನ ಮೇಲ್ಭಾಗದಲ್ಲಿ ಊರಿ, ಇನ್ನೊಂದು ತುದಿ ಎತ್ತಿ ಮಟ್ಟ ಮಾಡಿ, ಆ ತುದಿಯಿಂದ ನೆಲಕ್ಕೆ ಎಷ್ಟು ಸೆಂ.ಮೀ. ನೋಡಿ. ಅತಿ ಕಡಿದಾದ ಮೂರು ಕಡೆ ಅಳೆದು ತಿಳಿಸಿ. ಏರು ಮುಗಿದು ಅಂಗಳಕ್ಕೆ ಸೇರುವ ಮೂಲೆ ಗುಂಡಗೆ ಉಂಟಾ, ಚೂಪಾಗಿ ಉಂಟಾ ಅದನ್ನೂ.

ಹಿರಿಯಡ್ಕ_7ಸೀಟ್
ಅಳತೆ: 11, 14, 17 ಸೆಂ.ಮೀ. 17 ಇರುವುದು ಕೊನೆಯ ತಿರುವಿನಲ್ಲಿ, ಸುಮಾರು 15 ಮೀಟರ್. ಅಂಗಳಕ್ಕೆ ಸೇರುವ ಮೂಲೆ ಚೂಪು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದೆ.

ಮೂಡುಬಿದಿರೆ_ಗ್ಯಾರೇಜ್
17 ಎಂದರೆ ಹತ್ತು ಡಿಗ್ರಿಗೆ ಸ್ವಲ್ಪ ಕಡಿಮೆ. ಹತ್ತುವುದು ಕಷ್ಟ ಅಲ್ಲ, ಮೇಲಿನ ಮೂಲೆಯಲ್ಲಿ ಹೊಟ್ಟೆ ತಾಗುವುದು ತೊಂದರೆ. ಲೆಕ್ಕ ಹೀಗೆ. ಹೊಟ್ಟೆಯ ಅಡಿ ಖಾಲಿ ಗಾಡಿಗೆ 18 ಸೆಂ.ಮೀ. ಎಂದಿಟ್ಟುಕೊಳ್ಳಿ. ವೀಲ್‌ಬೇಸ್ 2850 ಇದ್ದರೆ ಹದಿನಾಲ್ಕು ಡಿಗ್ರಿ ಮೂಲೆ ದಾಟಬಹುದು. ಏಳು ಜನ ಕೂತು ಸ್ಪ್ರಿಂಗ್ 5 ಸೆಂ.ಮೀ. ಕುಸಿದರೆ 13 ಉಳಿಯುತ್ತದೆ, ಆಗ ಹತ್ತು ಡಿಗ್ರಿ ಚಿಲ್ಲರೆ ಮಾತ್ರ. ನಿಮ್ಮದು ಅಂಚಿನಲ್ಲಿ ಉಂಟು. 20 ಸೆಂ.ಮೀ. ಎತ್ತರ, 2750 ವೀಲ್‌ಬೇಸ್ ಇರುವ ಗಾಡಿ ತುಂಬಿದಾಗಲೂ ಹನ್ನೆರಡು ಡಿಗ್ರಿ ದಾಟುತ್ತದೆ.

ಇದಕ್ಕೆ ಎಸ್‌ಯುವಿ ತಗೊಳ್ಳುವ ಬದಲು ಮೂಲೆಯನ್ನೇ ಸರಿ ಮಾಡಿಸಿ. ಅಂಗಳದ ಅಂಚಿನ ಇಂಟರ್‌ಲಾಕ್ ಎರಡು ಮೀಟರ್ ಎಬ್ಬಿಸಿ, ಅಲ್ಲಿ ಅರ್ಧ ಇಳಿಜಾರು ಕೊಡಿಸಿ. ಆ 15 ಮೀಟರಿಗೆ ಎರಡು ಚಕ್ರದ ಪಟ್ಟಿ ಕಾಂಕ್ರೀಟ್, ತಲಾ 60 ಸೆಂ.ಮೀ. ಅಗಲ, ಹಸಿ ಇರುವಾಗಲೇ ಗಟ್ಟಿ ಕಡ್ಡಿಪೊರಕೆಯಿಂದ ಅಡ್ಡ ಗೆರೆ ಎಳೆಸಿ. ನುಣುಪು ಮಾಡಿದರೆ ಎರಡನೇ ಮಳೆಗಾಲಕ್ಕೆ ಪಾಚಿ ಕಟ್ಟಿ ಮಣ್ಣಿಗಿಂತ ಕಡೆ ಆಗುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ಒಳಗೆ ಬರುತ್ತದೆ, ಅಲ್ಲಿ ಒಳಪಟ್ಟಿ 90 ಸೆಂ.ಮೀ. ಇರಲಿ. ಚರಂಡಿ ಏರಿನ ಮೇಲ್ಬದಿಗೆ, ಕೆಳಬದಿಗೆ ಅಲ್ಲ.

ಬೆಳ್ತಂಗಡಿ_ಫೋರ್‌ವೀಲ್
ಈ ಕೆಲಸ ಆಗುವುದಾದರೆ ಫೋರ್‌ವೀಲ್ ಬೇಡ, ನನ್ನ ಮಾತು ಹಿಂದೆ ತಗೊಂಡೆ. ಜಾಗ ಬೇರೆಯವರದ್ದಾಗಿ ಕಾಂಕ್ರೀಟ್ ಹಾಕಲು ಒಪ್ಪದಿದ್ದರೆ ಮಾತ್ರ ಮತ್ತೆ ಯೋಚಿಸಿ.

ಮಣಿಪಾಲ_ಸವಾರಿ
ಹಿರಿಯರು ಮತ್ತು ಮಗುವಿನ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಹಿರಿಯರಿಗೆ ಬೇಕಾದ್ದು ಹತ್ತುವುದೂ ಅಲ್ಲದ, ಇಳಿಯುವುದೂ ಅಲ್ಲದ ಸೀಟು. ಅಜ್ಜಿ ಊಟದ ಕುರ್ಚಿಯಲ್ಲಿ ಸಲೀಸಾಗಿ ಕೂತು ಏಳುತ್ತಾರಾದರೆ ಆ ಕುರ್ಚಿಯ ಎತ್ತರ ಅಳೆಯಿರಿ, ಸಾಮಾನ್ಯವಾಗಿ 45 ಸೆಂ.ಮೀ. ನೆಲದಿಂದ ಕಾರಿನ ಸೀಟಿನ ಅಂಚಿನವರೆಗೆ ಅದಕ್ಕಿಂತ 10ರಿಂದ 20 ಸೆಂ.ಮೀ. ಹೆಚ್ಚಿದ್ದರೆ ಬೆನ್ನು ತಿರುಗಿಸಿ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಗೊಳ್ಳಬಹುದು. 75 ದಾಟಿದರೆ ಒಂದು ಕಾಲು ಮೇಲಿಟ್ಟು ದೇಹವನ್ನು ಎಳೆದುಕೊಳ್ಳಬೇಕು, ಮಂಡಿನೋವಿನವರಿಗೆ ಆಗುವುದಿಲ್ಲ. ಚಾಸಿ ಫ್ರೇಮ್, ಅಂದರೆ ಬಾಡಿಯ ಅಡಿಯಲ್ಲಿ ಬೇರೆಯೇ ಉಕ್ಕಿನ ಚೌಕಟ್ಟು ಇರುವ ಗಾಡಿಗಳ ಫ್ಲೋರ್ ಎತ್ತರ ಇರುವುದೇ ಇದಕ್ಕೆ ಕಾರಣ. ಕ್ರಿಸ್ಟಾಕ್ಕೂ ಚಾಸಿ ಉಂಟು, ಮರೆಯಬೇಡಿ. ಸೈಡ್ ಸ್ಟೆಪ್ ಹಾಕಿಸುವುದಾದರೆ ಪಾದ ಪೂರ್ತಿ ಊರುವಷ್ಟು ಅಗಲ ಬೇಕು. ಸಪೂರ ಪೈಪಿನದ್ದು ಮಳೆಯಲ್ಲಿ ಜಾರಿಸುತ್ತದೆ, ಇಳಿಯುವಾಗ ಸೀರೆಯ ಅಂಚು ಕೆಸರು ಮಾಡುತ್ತದೆ.

ಚೈಲ್ಡ್ ಸೀಟಿನ ಐಸೋಫಿಕ್ಸ್ ಕೊಕ್ಕೆ ಸಾಮಾನ್ಯವಾಗಿ ಎರಡನೇ ಸಾಲಿನಲ್ಲಿ ಇರುತ್ತದೆ. ಬೆಂಚ್ ಸೀಟಿನ ಗಾಡಿಯಲ್ಲಿ ಎಡಗಡೆ ಚೈಲ್ಡ್ ಸೀಟ್ ಕಟ್ಟಿದರೆ ಆ ಸೀಟು ಮಡಚುವುದಿಲ್ಲ, ಮೂರನೇ ಸಾಲಿಗೆ ಹೋಗುವ ದಾರಿ ಮುಚ್ಚಿತು. ಬಲಗಡೆ ಕಟ್ಟಿದರೆ ಮಗುವನ್ನು ರಸ್ತೆಯ ಬದಿಯಿಂದ ಇಳಿಸಬೇಕು. ಎರಡು ಬೇರೆ ಬೇರೆ ಸೀಟುಗಳ, ಅಂದರೆ ಕ್ಯಾಪ್ಟನ್ ಸೀಟಿನ ಮಾಡೆಲ್ ತಗೊಂಡರೆ ಈ ತಾಪತ್ರಯ ಇಲ್ಲ, ಆದರೆ ಏಳು ಜನಕ್ಕೆ ಆಗ ಹಿಂದೆ ಮೂವರು ಕೂರುವ ಸೀಟು ಬೇಕು. ಮಧ್ಯದ ಸಂದಿಯಿಂದ ಹಿಂದೆ ಹೋಗಬಹುದು. ಆ ಸಂದಿಯ ಅಗಲ 20 ಸೆಂ.ಮೀ. ಆದರೂ ಇರಬೇಕು. ಮಗುವಿನ ಸೀಟಿನ ಮೇಲಿನ ಪಟ್ಟಿ ಹಿಂದಕ್ಕೆ ಇಳಿದು ಕೊಕ್ಕೆಗೆ ಸಿಗುತ್ತದಾ, ಹಿಂದೆ ಕೂತವರ ಕಾಲಿಗೆ ತೊಡಕಾಗುತ್ತದಾ ಎಂದು ನಿಮ್ಮದೇ ಚೈಲ್ಡ್ ಸೀಟ್ ಕೊಂಡೊಯ್ದು ಕಟ್ಟಿ ನೋಡಿ.

ವಾಂತಿಯ ಮಾತು. ಆಗುಂಬೆಯ 14 ಹೇರ್‌ಪಿನ್ ತಿರುವಿನಲ್ಲಿ ಮೂರನೇ ಸಾಲು ಹಿಂದಿನ ಆಕ್ಸಲ್ ಮೇಲೆ ಕೂತಂತೆ. ಎತ್ತರದ ಗಾಡಿ ಹೆಚ್ಚು ವಾಲುತ್ತದೆ. ಸಣ್ಣ ಕಿಟಕಿ, ಎದುರಿಗೆ ಸೀಟಿನ ಬೆನ್ನು, ಹೊರಗೆ ಏನೂ ಕಾಣುವುದಿಲ್ಲ. ಕಿವಿ ವಾಲುತ್ತಿದೆ ಅನ್ನುತ್ತದೆ, ಕಣ್ಣು ನಿಂತಿದೆ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ವಾಂತಿ ಬರುವವರಿಗೆ ಎರಡನೇ ಸಾಲು, ಎದುರಿನ ಗಾಜಿನ ಮೂಲಕ ರಸ್ತೆ ಕಾಣುವ ಹಾಗೆ. ಹಿಂದೆ ಕೂರುವವರು ಘಟ್ಟದ ಅಷ್ಟು ಹೊತ್ತು ಮೊಬೈಲ್ ಕೆಳಗಿಡಲಿ, ಹೆಬ್ರಿ ದಾಟುವ ಮೊದಲು ಹೊಟ್ಟೆ ತುಂಬ ಬನ್ಸ್ ತಿನ್ನದಿರಲಿ.

ಹೆದ್ದಾರಿ_66
ಭಾರದ ಲೆಕ್ಕ ನಾನು ಸೇರಿಸುತ್ತೇನೆ. ನಾಲ್ವರು ತಲಾ 70 ಕೆಜಿ ಎಂದರೆ 280, ಹಿರಿಯರಿಬ್ಬರು 120, ಮಗು ಮತ್ತು ಅದರ ಸೀಟು 20, ಸಾಮಾನು 80. ಒಟ್ಟು 500 ಕೆಜಿ. ಗಾಡಿ ಎಷ್ಟು ಹೊರಬಹುದು ಎನ್ನಲು ಡೋರ್ ಪಿಲ್ಲರ್ ಅಥವಾ ಬಾನೆಟ್ ಒಳಗಿನ ಪ್ಲೇಟಿನಲ್ಲಿರುವ ಒಟ್ಟು ತೂಕದಿಂದ ಆರ್‌ಸಿಯಲ್ಲಿರುವ ಖಾಲಿ ತೂಕ ಕಳೆಯಿರಿ. ಹೆಚ್ಚಿನ ಏಳು ಸೀಟಿನ ಗಾಡಿಗಳಿಗೆ 500ರಿಂದ 600ರ ಆಸುಪಾಸು ಬರುತ್ತದೆ. ದೊಡ್ಡ ಎಸ್‌ಯುವಿ ಹೆಚ್ಚು ಹೊರುತ್ತದೆ ಎಂಬ ನಂಬಿಕೆ ಇದೆ, ಆದರೆ ಅದರ ಸ್ವಂತ ತೂಕವೂ ಹೆಚ್ಚು. ಮೇಲೆ ಕ್ಯಾರಿಯರ್ ಹಾಕಿದರೆ ಮ್ಯಾನ್ಯುವಲ್‌ನ ಮಿತಿ ನೋಡಿ. ಆ ಮಿತಿಯಲ್ಲಿ ಕ್ಯಾರಿಯರ್‌ನ ತೂಕವೂ ಸೇರಿರುತ್ತದೆ.

ತುಂಬಿದ ಗಾಡಿಗೆ ಟಯರ್ ಗಾಳಿ ಬೇರೆ. ಡ್ರೈವರ್ ಬಾಗಿಲಿನ ಸ್ಟಿಕರಿನಲ್ಲಿ ಎರಡು ಸಾಲು ಇರುತ್ತದೆ, ಪೂರ್ತಿ ಲೋಡಿನ ಸಾಲಿನಲ್ಲಿ ಹಿಂದಿನ ಟಯರಿಗೆ ಹೆಚ್ಚು. ಗಾಡಿ ಮೂರು ಗಂಟೆ ನಿಂತ ಮೇಲೆ, ತಣ್ಣಗಿರುವಾಗ ತುಂಬಿಸಿ. ಬಿಸಿ ಟಯರಿನಲ್ಲಿ ಹೆಚ್ಚು ತೋರಿಸುತ್ತದೆ ಎಂದು ಗಾಳಿ ಬಿಟ್ಟರೆ ಮಾರನೇ ದಿನ ಕಡಿಮೆ ಆಗಿರುತ್ತದೆ. ಹಿಂದೆ ಭಾರ ಬಿದ್ದಾಗ ಹೆಡ್‌ಲೈಟ್ ಆಕಾಶ ನೋಡುತ್ತದೆ. ಸ್ಟಿಯರಿಂಗ್ ಬಲಬದಿಯಲ್ಲಿ 0ರಿಂದ 3ರವರೆಗಿನ ಸಣ್ಣ ಚಕ್ರ ಇದ್ದರೆ 2ಕ್ಕೋ 3ಕ್ಕೋ ತಿರುಗಿಸಿ. ಶಿರಾಡಿಯಲ್ಲಿ ರಾತ್ರಿ ಎದುರಿನವರ ಕಣ್ಣು ಉಳಿಯುತ್ತದೆ.

ಡಿಕ್ಕಿಯಲ್ಲಿ ಭಾರದ್ದು ಕೆಳಗೆ, ಮೂರನೇ ಸಾಲಿನ ಬೆನ್ನಿಗೆ ಒತ್ತಿ ಇಡಿ. ಸೀಟಿನ ಬೆನ್ನಿಗಿಂತ ಮೇಲೆ ತೆಂಗಿನಕಾಯಿ ಚೀಲ ಪೇರಿಸಬೇಡಿ. ಜೋರು ಬ್ರೇಕ್ ಹಾಕಿದರೆ ಅದು ಹಿಂದೆ ಕೂತವರ ತಲೆಗೇ ಬರುವುದು.

ಗುಂಡ್ಯ_ಲೋಗೇರ್
ಇಳಿಯುವಾಗಿನ ಬ್ರೇಕ್ ಮುಖ್ಯ, ಅದರಲ್ಲೂ 500 ಕೆಜಿ ಒಳಗಿದ್ದಾಗ. ಚಾರ್ಮಾಡಿ, ಆಗುಂಬೆ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಸ್ವಲ್ಪ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಉದ್ದಕ್ಕೂ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು, ಬ್ರೇಕ್ ಆಯಿಲ್ ಕುದಿದು, ಪೆಡಲ್ ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ಅದು ಬೇಗ. ಕಿಲೋಮೀಟರ್ ಎಷ್ಟೇ ಇರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಸುಟ್ಟ ವಾಸನೆ ಬಂದರೆ ಅಗಲ ಇರುವಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಚಕ್ರಕ್ಕೆ ನೀರು ಹೊಯ್ಯಬೇಡಿ, ಡಿಸ್ಕ್ ಸೊಟ್ಟ ಆಗುತ್ತದೆ.

ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಗಾಡಿ ನೋಡುವವರಿಗೆ ಒಂದು ಮಾತು. ಇಳಿಜಾರಿನಲ್ಲಿ ಮೋಟಾರ್ ಹಿಂದಕ್ಕೆ ಚಾರ್ಜ್ ಮಾಡುತ್ತಾ ಗಾಡಿಯನ್ನು ತಡೆಯುತ್ತದೆ. ಬ್ಯಾಟರಿ ತುಂಬಿದ ಮೇಲೆ ಆ ತಡೆ ಕಡಿಮೆ, ಉಳಿದ ಕೆಲಸ ಸಾಮಾನ್ಯ ಬ್ರೇಕಿನದು. ಘಟ್ಟದ ಅರ್ಧದಲ್ಲಿ ಪೆಡಲಿನ ಅನುಭವ ಬದಲಾದರೆ ಹೆದರಬೇಡಿ, ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಇದ್ದರೆ ಅದನ್ನು ಒತ್ತಿ ಗೇರ್ ಇಳಿಸಿ.

ಹಿರಿಯಡ್ಕ_7ಸೀಟ್
ಡೀಸೆಲ್ಲಾ ಹೈಬ್ರಿಡ್ಡಾ? ದಿನದ ಓಡಾಟ ಮಣಿಪಾಲಕ್ಕೆ ಹೋಗಿ ಬರುವುದು, ಒಂದು ಬದಿಗೆ ಹತ್ತು ಹನ್ನೆರಡು ಕಿ.ಮೀ.

ಮೂಡುಬಿದಿರೆ_ಗ್ಯಾರೇಜ್
ಬಿಎಸ್6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದು ಸುಟ್ಟು ಖಾಲಿಯಾಗಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಇಪ್ಪತ್ತು ನಿಮಿಷ ಆದರೂ ಒಂದೇ ವೇಗದಲ್ಲಿ ಓಡಬೇಕು. ಬರೀ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುವವರಿಗೆ ಅದು ಕಟ್ಟಿಕೊಳ್ಳುತ್ತದೆ. ನಿಮ್ಮ ಓಡಾಟಕ್ಕೆ ತೊಂದರೆ ಇಲ್ಲ, ವಾರಕ್ಕೊಮ್ಮೆ ಹೆದ್ದಾರಿ 66ರಲ್ಲಿ ಕಾಪುವಿನವರೆಗೆ ಹೋಗಿ ಬಂದರೆ ಸಾಕು. ಡಿಪಿಎಫ್ ದೀಪ ಹೊತ್ತಿದಾಗ ನಡುವೆ ಎಂಜಿನ್ ನಿಲ್ಲಿಸಬೇಡಿ. ಅರ್ಧಕ್ಕೆ ನಿಂತರೆ ಕೆಲವು ಎಂಜಿನ್‌ಗಳಲ್ಲಿ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಅದೇ ಲಕ್ಷಣ.

ಹೆದ್ದಾರಿ_66
ಖರ್ಚು: ವರ್ಷಕ್ಕೆ 12,000 ಕಿ.ಮೀ. ಎಂದಿಟ್ಟುಕೊಳ್ಳಿ. ಲೀಟರಿಗೆ 12 ಕೊಡುವ ಗಾಡಿಗೆ 1000 ಲೀಟರ್, 17 ಕೊಡುವುದಕ್ಕೆ 706. ಉಳಿಯುವುದು 294 ಲೀಟರ್. ಮೂರು ನಾಲ್ಕು ಲಕ್ಷ ಹೆಚ್ಚು ಕೊಟ್ಟು ಹೈಬ್ರಿಡ್ ತಗೊಂಡರೆ ಹಣ ವಾಪಸ್ ಬರಲು ಹತ್ತು ವರ್ಷದ ಮಾತು. ಹೈಬ್ರಿಡ್‌ನ ಬೆಲೆ ಇರುವುದು ಸದ್ದಿಲ್ಲದ ಓಟದಲ್ಲಿ, ಕ್ಲಚ್ ಇಲ್ಲದಿರುವುದರಲ್ಲಿ. ಕ್ರಿಸ್ಟಾ ಈಗ ಬರುವುದು 2.4 ಡೀಸೆಲ್, 5 ಗೇರ್ ಮ್ಯಾನ್ಯುವಲ್ ಮಾತ್ರ. ಕಲ್ಸಂಕದ ಟ್ರಾಫಿಕ್‌ನಲ್ಲಿ ಎಡಗಾಲಿಗೆ ಕೆಲಸ ಉಂಟು.

ತೆರಿಗೆಯಲ್ಲಿ ಎಂಪಿವಿಗೂ ಎಸ್‌ಯುವಿಗೂ ಈಗ ಭೇದ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಎಲ್ಲಕ್ಕೂ ಜಿಎಸ್‌ಟಿ 40%. ಕರ್ನಾಟಕದ ಆಜೀವ ತೆರಿಗೆ 10ರಿಂದ 20 ಲಕ್ಷದವರೆಗೆ 17%, ಅದರ ಮೇಲೆ 18%, ಎರಡಕ್ಕೂ ಸೆಸ್ ಬೇರೆ. ಎಕ್ಸ್ ಶೋರೂಂ 24 ಲಕ್ಷ ಎಂದರೆ ಅದೊಂದೇ 4.8 ಲಕ್ಷದ ಹತ್ತಿರ. ಹೆಜಮಾಡಿ, ಸಾಸ್ತಾನ ಟೋಲಿನಲ್ಲೂ ಕಾರು, ಜೀಪು, ವ್ಯಾನಿಗೆ ಒಂದೇ ದರ.

ಕದ್ರಿ_ಗುಡ್ಡೆ
ಅಗಲ ಯಾರೂ ಹೇಳಲಿಲ್ಲ. ಸಫಾರಿ 1922, ಸ್ಕಾರ್ಪಿಯೊ-ಎನ್ 1917, ಹೈಕ್ರಾಸ್ 1850, ಕ್ರಿಸ್ಟಾ 1830 ಮಿ.ಮೀ. ಒಳರಸ್ತೆಯಲ್ಲಿ ಎದುರಿನಿಂದ ಬಸ್ ಬಂದಾಗ ಆ 7ರಿಂದ 9 ಸೆಂ.ಮೀ. ಚರಂಡಿಯ ಅಂಚಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಮನೆಯ ಗೇಟಿನ ಅಗಲವನ್ನು ಕನ್ನಡಿ ಬಿಡಿಸಿದ ಅಗಲದೊಂದಿಗೆ ಹೋಲಿಸಿ.

ಹಿರಿಯಡ್ಕ_7ಸೀಟ್
ಇಷ್ಟು ವಿವರಕ್ಕೆ ಎಲ್ಲರಿಗೂ ಧನ್ಯವಾದ. ಎಸ್‌ಯುವಿ ಮೂರನ್ನೂ ಪಟ್ಟಿಯಿಂದ ತೆಗೆದೆ. ಏರಿಗೆ ಕಾಂಕ್ರೀಟ್ ಪಟ್ಟಿ ಹಾಕಿಸುವುದು, ಹೈಕ್ರಾಸ್ ಕ್ಯಾಪ್ಟನ್ ಸೀಟಿನದ್ದನ್ನು ಏಳು ಜನ ಕೂತು ನೋಡುವುದು. ಸೀಟಿನ ಎತ್ತರ ಅಜ್ಜಿಗೆ ಆಗದಿದ್ದರೆ ಕ್ಯಾರೆನ್ಸ್, ಆಗ ಸಾಮಾನಿಗೆ ಕ್ಯಾರಿಯರ್. ತುಕ್ಕಿನ ಬಗ್ಗೆ ಏನು ಮಾಡಿಸಬೇಕು? ಶೋರೂಮಿನವರು ಅಂಡರ್‌ಬಾಡಿ ಕೋಟಿಂಗ್ ಹೇಳುತ್ತಿದ್ದಾರೆ.

ಮೂಡುಬಿದಿರೆ_ಗ್ಯಾರೇಜ್
ಮಾಡಿಸಿ, ಆದರೆ ಮಾಡುವಾಗ ಪಕ್ಕದಲ್ಲಿ ನಿಲ್ಲಿ. ಬಾಗಿಲಿನ ಅಡಿಯ ಅಂಚಿನಲ್ಲಿ, ಬಾಡಿಯ ಅಡಿ ಉದ್ದಕ್ಕೆ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಸ್ಪ್ರೇ ಹೊಡೆಯುವವರು ಅವನ್ನೂ ಮುಚ್ಚಿಬಿಡುತ್ತಾರೆ. ಆಗ ನೀರು ಒಳಗೇ ನಿಂತು ತಗಡು ಒಳಗಿನಿಂದ ತಿನ್ನುತ್ತದೆ, ಹೊರಗೆ ಕಾಣುವಾಗ ಕೈ ಮೀರಿರುತ್ತದೆ. ಒಣಗಿದ ಮೇಲೆ ಕಡ್ಡಿಯಿಂದ ಒಂದೊಂದೇ ತೂತು ಬಿಡಿಸಿ ನೋಡಿ. ಮಲ್ಪೆ, ಮರವಂತೆ ಬೀಚಿನ ಬದಿಗೆ ಹೋಗಿ ಬಂದರೆ ಅದೇ ದಿನ ಅಡಿಭಾಗಕ್ಕೆ ಸಾದಾ ನೀರು ಹಾಯಿಸಿ. ಸನ್‌ರೂಫ್ ಇದ್ದರೆ ಮೇ ಕೊನೆಗೆ ನಾಲ್ಕು ಮೂಲೆಯ ತೂತು ಸ್ವಚ್ಛ ಮಾಡಿಸಿ. ಎಲೆ ಸಿಕ್ಕಿಕೊಂಡರೆ ನೀರು ಮುಂದಿನ ಪಿಲ್ಲರ್ ಒಳಗಿಂದ ಕಾಲಡಿಯ ಕಾರ್ಪೆಟ್ಟಿಗೆ ಇಳಿಯುತ್ತದೆ.

ಇನ್ನೊಂದು, ಸ್ಟೆಪ್ನಿ. ಏಳು ಸೀಟಿನ ಹೆಚ್ಚಿನ ಗಾಡಿಗಳಲ್ಲಿ ಅದು ಹೊರಗೆ, ಅಡಿಯಲ್ಲಿ ನೇತಾಡುತ್ತದೆ. ಇಳಿಸುವ ಬೋಲ್ಟಿನ ತೂತು ಬಂಪರಿನ ಮೇಲೋ ಡಿಕ್ಕಿಯ ಫ್ಲೋರಿನಲ್ಲೋ ಇರುತ್ತದೆ. ಫ್ಲೋರಿನಲ್ಲಿದ್ದರೆ ಪಂಕ್ಚರ್ ಆದಾಗ ಸಾಮಾನು ಪೂರ್ತಿ ಕೆಳಗಿಳಿಸಬೇಕು ಎಂದು ಈಗಲೇ ತಿಳಿದಿರಲಿ. ಉಪ್ಪುಗಾಳಿಗೆ ಅದನ್ನು ಹಿಡಿದಿರುವ ಸರಪಳಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಮಳೆಗಾಲದ ಮೊದಲು ಒಮ್ಮೆ, ಆದಮೇಲೆ ಒಮ್ಮೆ ಮನೆಯಲ್ಲೇ ರಾಡ್ ಹಾಕಿ ಪೂರ್ತಿ ಇಳಿಸಿ, ಸರಪಳಿಗೆ ಗ್ರೀಸ್ ಹಚ್ಚಿ, ಗಾಳಿ ನೋಡಿ, ಮತ್ತೆ ಏರಿಸಿ. ರಾಡಿನ ತುಂಡುಗಳು ಜಾಕ್ ಜೊತೆಗೆ ಇರುತ್ತವೆ. ಡೆಲಿವರಿ ದಿನ ಎಣಿಸಿಕೊಳ್ಳಿ.